ಅಯ್ಯನವರ ಹಿತ್ತಲಿನ ಮೀನು

ಕೂತು ಉಂಡವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಇಲಕಲ್ಲಿನ ಹಿರೇಮಠದ ಸಂಗಯ್ಯನ ಮನೆಯಲ್ಲಿ ಹೊನ್ನು ಹಾಗಿರಲಿ, ಕುಡಿಕೆಯೂ ನೆಟ್ಟಗಿರಲಿಲ್ಲ. ಆದರೂ ಸಂಗಯ್ಯ ಶ್ರಾವಣದಿಂದ ಮಾರ್ಗಶಿರದವರೆಗೆ ಕೂತೇ ಉಂಡ. ಕಲ್ಲಿನ ಕಾರ್ಖಾನೆಯಲ್ಲಿ ಅವನು ಗುಮಾಸ್ತನಾಗಿದ್ದ. ಎಂಬತ್ತೆರಡರ ಶ್ರಾವಣದಲ್ಲಿ ಹನ್ನೊಂದು ವರ್ಷದ ಮಗ ಅಂದಾನಯ್ಯನಿಗೆ ಜ್ವರ ನೆತ್ತಿಗೇರಿತು. ಬಾಗಲಕೋಟೆಯ ದವಾಖಾನೆಗೆ ಒಯ್ಯುವಾಗ ಅಮೀನಗಡ ದಾಟುವಷ್ಟರಲ್ಲಿ ಹುಡುಗನ ಉಸಿರು ನಿಂತಿತ್ತು. ಶಿವಗಣಾರಾಧನೆ ಮುಗಿದ ಮೇಲೆ ಎರಡು ದಿನ ಕಾರ್ಖಾನೆಗೆ ಹೋಗಿ ಬಂದ ಸಂಗಯ್ಯ ಮೂರನೆಯ ದಿನ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ "ಹೋಗ್ತೇನಿ" ಎನ್ನುತ್ತಿದ್ದ. ಹೋಗುತ್ತಿರಲಿಲ್ಲ.

ಮನೆಯಲ್ಲಿ ಯಾರೂ ಹುಡುಗನ ಹೆಸರು ಎತ್ತುತ್ತಿರಲಿಲ್ಲ. ಸಂಗಯ್ಯನ ತಾಯಿ ಗುರುಲಿಂಗವ್ವ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಹೊತ್ತೇರಿದರೂ ಏಳುತ್ತಿರಲಿಲ್ಲ. ಮಗಳು ಬನಶಂಕರಿ ಮೆಟ್ರಿಕ್ ಓದುತ್ತಿದ್ದಳು, ಅಂದರೆ ಪುಸ್ತಕ ತೆರೆದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಹೆಂಡತಿ ಇಂದ್ರಾಬಾಯಿ ಮಾತ್ರ ನಸುಕಿಗೆ ಎದ್ದು ರೊಟ್ಟಿ ಬಡಿದು, ನೀರು ತಂದು, ನೇಕಾರರ ಮನೆಯ ನೂಲು ಸುತ್ತಿಕೊಟ್ಟು, ಬಂದ ನಾಲ್ಕು ದುಡ್ಡಿನಲ್ಲಿ ಜೋಳ ಕೊಳ್ಳುತ್ತಿದ್ದಳು. ಗಂಡನಿಗೆ ತಾಟು ಹಚ್ಚಿ ಇಟ್ಟರೆ ಅವನು ಅರ್ಧ ರೊಟ್ಟಿ ಮುರಿದು ಕೈ ತೊಳೆಯುತ್ತಿದ್ದ.

"ಇಷ್ಟ ಉಂಡ್ರ ಹೆಂಗ್ರಿ?"

"ಸಾಕು."

"ಝುಣಕಾ ಛಲೋ ಆಗಿಲ್ಲೇನು?"

"ಆಗೇತಿ."

ಇಷ್ಟೇ ಮಾತು. ಇದು ಹೀಗೇ ನಡೆದರೆ ಗಂಡನೂ ಮಗನ ದಾರಿ ಹಿಡಿಯುತ್ತಾನೆ ಎಂದು ಇಂದ್ರಾಬಾಯಿಗೆ ಹೆದರಿಕೆ ಹೊಕ್ಕಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಆಡಲು ಹೊತ್ತೂ ಇರಲಿಲ್ಲ.

ಆ ಮಾರ್ಗಶಿರದ ಒಂದು ಸಂಜೆ ಧಾರವಾಡದ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ನಡೆದಿತ್ತು. ಯಾರೋ ಒಬ್ಬರು, ಪರದೇಶದಲ್ಲಿ ತೊಟ್ಟಿಯಲ್ಲಿ ಮೀನು ಸಾಕಿ, ಆ ನೀರನ್ನು ಬರೀ ಜಲ್ಲಿಕಲ್ಲಿನ ಮೇಲೆ ಹೊಯ್ದು ಕಾಯಿಪಲ್ಲೆ ಬೆಳೆಯುತ್ತಾರೆ, ಮಣ್ಣೇ ಬೇಡ, ಜಲ್ಲಿಯಲ್ಲಿ ಸೋಸಿದ ನೀರು ತಿರುಗಿ ಮೀನಿಗೇ ಹೋಗುತ್ತದೆ ಎಂದು ಹೇಳಿದರು. ಮರುದಿನ ಬೆಳಿಗ್ಗೆ ಇಂದ್ರಾಬಾಯಿ ನೋಡಿದರೆ ಗಂಡ ಹಿತ್ತಲಲ್ಲಿ ಹಗ್ಗ ಹಿಡಿದು ಜಾಗ ಅಳೆಯುತ್ತಿದ್ದ. ಅವಳು ಏನು, ಎತ್ತ ಎಂದು ಕೇಳಲಿಲ್ಲ. ಗಂಡ ಎದ್ದು ನಿಂತಿದ್ದನಲ್ಲ, ಅವಳಿಗೆ ಅಷ್ಟೇ ಬೇಕಿತ್ತು. ಹಿತ್ತಲಲ್ಲಿ ಆನೆ ಸಾಕುತ್ತೇನೆ ಎಂದಿದ್ದರೂ ಕಬ್ಬು ಹುಡುಕಿಕೊಂಡು ಹೋಗುತ್ತಿದ್ದಳು.

ಇಲಕಲ್ಲಿನಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಕಾರ್ಖಾನೆಯ ಹಿಂದೆ ಮೂಲೆ ಮುರಿದ ಕೆಂಪು ಚಪ್ಪಡಿಗಳು ರಾಶಿ ಬಿದ್ದಿದ್ದವು. ಹಿಂದಿನ ಓಣಿಯ ಗೌಂಡಿ ಅಬ್ದುಲಸಾಬ ಸಂಗಯ್ಯನ ಹಳೆಯ ಗೆಳೆಯ. ಇಬ್ಬರೂ ಕೂಡಿ ಚಕ್ಕಡಿಯಲ್ಲಿ ಚಪ್ಪಡಿ ತಂದು, ಆಳೆತ್ತರದ ಉದ್ದ, ಸೊಂಟದೆತ್ತರದ ಆಳ ಬರುವ ಹಾಗೆ ನಿಲ್ಲಿಸಿ, ಸಂದಿಗೆ ಸಿಮೆಂಟು ತುಂಬಿದರು. ಮೊದಲ ದಿನ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಬಚ್ಚಲಿಗೆ ಹರಿದು ಹೋಗಿತ್ತು. ಒಳಗೆಲ್ಲ ತಿರುಗಿ ಸಿಮೆಂಟು ಬಳಿದು ಗಿಲಾಯಿ ಮಾಡಿದರು. ಹಸಿ ಸಿಮೆಂಟಿನ ಖಾರ ಹೋಗಲೆಂದು ಸೆಗಣಿ ನೀರು ನಿಲ್ಲಿಸಿ ಚೆಲ್ಲಿದರು, ಮತ್ತೆ ತುಂಬಿಸಿ ಮತ್ತೆ ಚೆಲ್ಲಿದರು. ಕಟ್ಟುವುದು ಗಂಡಸರ ಕೆಲಸ. ತುಂಬಿಸುವುದು ಯಾರ ಕೆಲಸವೆಂದು ಬೇರೆ ಹೇಳಬೇಕಿಲ್ಲ.

"ನಳಾ ಬರೂದ ಒಂದಿನಾ ಬಿಟ್ಟು ಒಂದಿನಾ," ಎಂದಳು ಬನಶಂಕರಿ, ಬೋರಿಂಗಿನಿಂದ ತಂದ ಕೊಡ ಇಳಿಸುತ್ತ. "ಮನಷ್ಯಾರಿಗೆ ಕುಡಿಯಾಕ ಇಲ್ಲ, ಅಪ್ಪ ಸಿಮೆಂಟಿಗೆ ಕುಡಸಾಕತ್ತಾನ."

"ಸುಮ್ನ ಹಾಕು," ಎಂದಳು ತಾಯಿ.

"ನನ್ನ ಪರೀಕ್ಷಾ ಬಂತವ್ವಾ."

"ಪರೀಕ್ಷಾ ವರ್ಷಾ ಬರ್ತೈತಿ. ನಿಮ್ಮಪ್ಪ ಏಳೂದು ವರ್ಷಾ ಬರೂದಿಲ್ಲ. ಹಾಕು."

ತೊಟ್ಟಿಯ ಪಕ್ಕದಲ್ಲಿ ಅದಕ್ಕಿಂತ ಎತ್ತರಕ್ಕೆ ಕಲ್ಲಿನ ಕಟ್ಟೆ ಎಬ್ಬಿಸಿ, ಎಣ್ಣೆಯ ಪೀಪಾಯಿಗಳನ್ನು ಉದ್ದಕ್ಕೆ ಸೀಳಿಸಿ ತೊಟ್ಟಿಲಿನ ಹಾಗೆ ಮಲಗಿಸಿದರು. ಬೂದಿ, ಸೋಡಾ ಹಾಕಿ ತಿಕ್ಕಿ ತಿಕ್ಕಿ ಅದರ ವಾಸನೆ ಕಳೆದದ್ದು ಇಂದ್ರಾಬಾಯಿ. ಕಲ್ಲು ಒಡೆಯುವಲ್ಲಿ ಬಿದ್ದ ಚೂರನ್ನು ತಂದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು ಪೀಪಾಯಿಗಳಿಗೆ ತುಂಬಿದರು. ತಳದಲ್ಲಿ ಒಂದೊಂದು ತೂತು, ತೂತಿಗೆ ಮೊಳದುದ್ದದ ಪೈಪು. ಮೇಲಿನಿಂದ ಕೊಡದಲ್ಲಿ ನೀರು ಹೊಯ್ದರೆ ಜಲ್ಲಿಯೊಳಗೆ ಇಳಿದು, ಪೈಪಿನಿಂದ ಸಳಸಳ ತೊಟ್ಟಿಗೆ ಬೀಳುತ್ತಿತ್ತು. ನೋಡಲು ಛಂದವಾಗಿತ್ತು. ಸಂಗಯ್ಯ ಅದನ್ನೇ ನೋಡುತ್ತ ನಿಲ್ಲುತ್ತಿದ್ದ.

ಇದೆಲ್ಲ ಬರೀ ಕಾಯಿಪಲ್ಲೆಗೆ ಎಂದು ಗುರುಲಿಂಗವ್ವ ತಿಳಿದಿದ್ದಳು. ಮೀನಿನ ಸುದ್ದಿಯನ್ನು ಅವಳ ಕಿವಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಜಂಗಮರ ಮನೆ, ಊರ ಭಕ್ತರು ಪಾದ ಮುಟ್ಟಿ ನಮಸ್ಕರಿಸುವ ಮನೆ. ಸಂತೆಯಲ್ಲಿ ಮೀನು ಮಾರುವ ಅಲ್ಲಾಸಾಬ ಒಂದು ದಿನ ಎಣ್ಣೆಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಾಗ ಮುದುಕಿ ಅಲ್ಲೇ ಇದ್ದಳು.

"ಏನೈತೋ ಡಬ್ಬ್ಯಾಗ?"

"ಮೀನ್ರಿ ಅಜ್ಜಿ, ಜೀವಂತ ಅದಾವು. ಜಿಲೇಬಿ ಮೀನು ಅಂತಾರ್ರಿ ಇದಕ್ಕ."

"ಶಿವ ಶಿವಾ! ಯಾವುದಕ್ಕ ಜಿಲೇಬಿ ಅಂದ್ಯೋ? ಹಬ್ಬದಾಗ ಇನ್ನ ನಾ ಜಿಲೇಬಿ ಹೆಂಗ ಬಾಯಾಗ ಇಡ್ಲಿ?" ಎಂದು ಮುದುಕಿ ಸೆರಗು ಮೂಗಿಗೆ ಹಿಡಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಸಂಗಯ್ಯಾ, ಅಯ್ಯಾಚಾರ ಆದಾಂವ ನೀ. ಎದಿ ಮ್ಯಾಲ ಲಿಂಗ ಐತಿ."

"ತಿನ್ನಾಕಲ್ಲಬೇ. ಸಾಕಾಕ. ಅವು ನೀರಾಗ ಇರ್ತಾವು, ನಾವು ಪಲ್ಲೆ ತಿಂತೀವಿ."

"ಅವು ಹೇತ ನೀರಿನ ಪಲ್ಲೆ!"

"ಹೊಲಕ್ಕ ಸೆಗಣಿ ಹಾಕೂದಿಲ್ಲೇನು?"

"ಆಕಳಾ ಬ್ಯಾರೆ, ಮೀನಾ ಬ್ಯಾರೆ. ನನಗ ಕಲಸಾಕ ಬರಬ್ಯಾಡ."

ಅಂದಿನಿಂದ ಮುದುಕಿಯ ಊಟ ಬೇರೆಯಾಯಿತು. ಮನೆಯವರ ಅಡಿಗೆ ಬೆಂದ ಪಾತ್ರೆಯನ್ನೂ ಮುಟ್ಟದೆ ರೊಟ್ಟಿ, ಗುರೆಳ್ಳು ಚಟ್ನಿ, ಮಜ್ಜಿಗೆಯಲ್ಲಿ ದಿನ ತೆಗೆದಳು. ಇಂದ್ರಾಬಾಯಿಗೆ ಎರಡು ಅಡಿಗೆ, ಎರಡು ಸಲ ಪಾತ್ರೆ. ಮೇಲೆ ಬೆಳಿಗ್ಗೆ ಸಂಜೆ ತೊಟ್ಟಿಯ ನೀರನ್ನು ಕೊಡಕೊಡವಾಗಿ ಎತ್ತಿ ಜಲ್ಲಿಗೆ ಹೊಯ್ಯುವುದು. ಹೊಯ್ಯದಿದ್ದರೆ ನೀರು ಸತ್ತಂತಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಂಗಯ್ಯ ಎತ್ತುತ್ತಿದ್ದ, ಅವನಿಗೆ ದಣಿವಾದರೆ ಅವಳು ಎತ್ತುತ್ತಿದ್ದಳು. ಅವನಿಗೆ ಬೇಗ ದಣಿವಾಗುತ್ತಿತ್ತು.

ಮಾಘದಲ್ಲಿ, ಜಲ್ಲಿಯಲ್ಲಿ ಬಿತ್ತಿದ ಮೊದಲ ಮೆಂತೆ ಕಿತ್ತರು. ಕೆಂಪು ಕಲ್ಲಿನ ನಡುವೆ ಅಷ್ಟು ಹಸಿರು ಬಂದದ್ದನ್ನು ನೋಡಲು ಓಣಿಯ ಹೆಂಗಸರು ಬಂದರು. ಇಂದ್ರಾಬಾಯಿ ಬೇಳೆ ಹಾಕಿ ಪಲ್ಲೆ ಮಾಡಿದಳು. ಸಂಗಯ್ಯ ಒಂದು ರೊಟ್ಟಿ ಉಂಡ, ಇನ್ನೊಂದು ಕೇಳಿದ, ಮತ್ತೊಂದು ಕೇಳಿದ. ಅವಳು ಒಲೆಯ ಕಡೆ ಮುಖ ತಿರುಗಿಸಿ ರೊಟ್ಟಿ ಬಡಿದಳು. ಖುಷಿಯಾಗಬೇಕಿತ್ತು, ಆಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಹಿಟ್ಟು ಮುಗಿಯುತ್ತ ಬಂದಿದೆ ಎಂಬುದು ತಿಳಿಯಿತು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಬಟ್ಟೆ ಅಂಗಡಿಯ ಅಂದಪ್ಪ ಈ ಮನೆಯ ಹಳೆಯ ಭಕ್ತ. ತಿಂಗಳಿಗೊಂದು ಸೋಮವಾರ ಸಂಗಯ್ಯನನ್ನು ಕರೆದು ಪಾದಪೂಜೆ ಮಾಡಿ ಊಟಕ್ಕಿಕ್ಕುತ್ತಿದ್ದ. ಆ ಸಲ ಸೋಮವಾರದ ಹಿಂದಿನ ದಿನ ಬಂದು ಪಡಸಾಲೆಯ ಅಂಚಿಗೆ ಕೂತ. ಹೇಳಲಾರದೆ ಹೇಳಿದ.

"ಅಯ್ಯನೋರ, ನಾಳಿ ಬರೂದು ಬ್ಯಾಡ್ರಿ. ಮನ್ಯಾಗ ಹೆಣಮಕ್ಕಳು ಒಂದ ನಮೂನಿ ಮಾತಾಡಾಕತ್ತಾರ. ಅಯ್ಯಗೋಳ ಮನ್ಯಾಗ ಮೀನಾ ಬೇಯ್ತಾವಂತ."

ಸಂಗಯ್ಯ ತಲೆ ಕೆಳಗೆ ಹಾಕಿದ. ಒಳಗೆ ನೂಲು ಸುತ್ತುತ್ತಿದ್ದ ಇಂದ್ರಾಬಾಯಿಯ ಕೈ ನಿಂತಿತು. ಆಗ ಪೂಜೆಯ ಮಣೆಯಿಂದ ಎದ್ದು ಬಂದವಳು ಗುರುಲಿಂಗವ್ವ. ಮನೆಯೊಳಗೆ ಮಗನನ್ನು ಸಾವಿರ ಬೈದವಳು ಹೊರಗಿನವನ ಮುಂದೆ ಬಿಟ್ಟುಕೊಡುತ್ತಾಳೆಯೇ?

"ಯಾರಂದಾರ ಅಂದಪ್ಪಾ? ಕರಕೊಂಡ ಬಾ ಅವರನ್ನ. ನನ್ನ ಮಗ ಮೀನಾ ಸಾಕ್ಯಾನ, ಖರೆ. ಆಕಳಾ ಸಾಕ್ದಂಗ ಸಾಕ್ಯಾನ. ಈ ಟಾಕ್ಯಾಗಿನ ಒಂದ ಮೀನಾ ಯಾರದರ ಒಲಿ ಮ್ಯಾಲ ಏರಿತಂದ್ರ, ಅವತ್ತ ನಾ ಲಿಂಗದ ಮ್ಯಾಲ ಕೈ ಇಟ್ಟು ಅನ್ನಾ ಬಿಡ್ತೇನಿ. ಹೋಗಿ ಹೇಳು."

ಅಂದಪ್ಪ ಅಡ್ಡಬಿದ್ದು ಹೋದ. ಮರುದಿನ ಊಟಕ್ಕೆ ಕರೆಯೂ ಬಂತು. ಆದರೆ ಆಡಿದ ಮಾತು ಆಡಿದ್ದೇ. ಆಡಿದ್ದನ್ನು ಊರಿಗೆ ತೋರಿಸಬೇಕಲ್ಲ ಎಂದು ಮುದುಕಿ ಮರುದಿನದಿಂದ ತಾನೇ ತೊಟ್ಟಿಯ ಅಂಚಿಗೆ ಕೂತು ಮೀನಿಗೆ ರೊಟ್ಟಿ ಮುರಿದು ಹಾಕತೊಡಗಿದಳು. ಮೊದಮೊದಲು ಮೂಗಿಗೆ ಸೆರಗು ಹಿಡಿದು ಹಾಕಿದಳು. ಹೋಳಿಹುಣ್ಣಿವೆಯ ಹೊತ್ತಿಗೆ ಸೆರಗು ಇಳಿದಿತ್ತು. "ಬಾರಪ್ಪಾ, ನೀ ಯಾಕ ಹಿಂದ ನಿಂತಿ, ನಿನಗ ಇಲ್ಲೇನು?" ಎಂದು ಮೀನಿನೊಡನೆ ಮಾತಾಡುವುದು ಅಡಿಗೆಮನೆಗೆ ಕೇಳುತ್ತಿತ್ತು. ಮೊಮ್ಮಗ ಹೋದ ಮೇಲೆ ಮುದುಕಿ ಯಾರೊಡನೆಯೂ ಅಷ್ಟು ಮಾತಾಡಿರಲಿಲ್ಲ.

ಮೀನು ಬೆಳೆದವು, ಮರಿ ಹಾಕಿದವು. ಮರಿಗಳೂ ಬೆಳೆದವು. ಯುಗಾದಿ ಕಳೆಯುವುದರಲ್ಲಿ ತೊಟ್ಟಿಯಲ್ಲಿ ನೀರಿಗಿಂತ ಮೀನೇ ಹೆಚ್ಚು ಎನ್ನುವ ಹಾಗಾಯಿತು. ಬಿಸಿಲು ಏರಿದಂತೆ ನೀರು ಬೆಚ್ಚಗಾಗಿ ನಸುಕಿನಲ್ಲಿ ನೂರಾರು ಬಾಯಿ ಮೇಲೆ ಬಂದು ಪಚಪಚ ಎನ್ನುತ್ತಿದ್ದವು. ಇಂದ್ರಾಬಾಯಿ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಕೊಡ ಎತ್ತಬೇಕಾಗುತ್ತಿತ್ತು. ಮಧ್ಯಾಹ್ನ ಒಂದು ಸರತಿ ಹೆಚ್ಚಾಯಿತು.

ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ಬಾಯಿಬಿಟ್ಟಳು. "ಅಲ್ಲಾಸಾಬಗ ಹೇಳಿ ಅರ್ಧಾ ತಗಸೂಣ್ರಿ. ಜಾಗಾ ಸಾಲವಲ್ದು. ಹಿಂಗ ಬಿಟ್ರ ಎಲ್ಲಾ ಸಾಯ್ತಾವು."

ಮುದುಕಿಯ ಕೈಯ ರೊಟ್ಟಿ ತಾಟಿಗೆ ಬಿತ್ತು. "ತಗಸಿ?"

"ಒಯ್ತಾನ."

"ಒಯ್ದು ಏನ ಮಾಡ್ತಾನ, ಪೂಜಿ ಮಾಡ್ತಾನೇನು? ನನ್ನ ಕೈಲೆ ರೊಟ್ಟಿ ತಿಂದ ಜೀವ ಅವು. ಊರ ಮುಂದ ಮಾತ ಕೊಟ್ಟೇನಿ."

"ಹೊಳಿಗೆ ಬಿಡೂಣಲ್ಲಾ, ಅಜ್ಜೀ," ಎಂದಳು ಬನಶಂಕರಿ.

"ಬ್ಯಾಸಗ್ಯಾಗ ಹೊಳ್ಯಾಗ ನೀರ ಎಲ್ಲೈತಿ? ಮಡುವಿನ ದಂಡಿಗೆ ಮೀನಾ ಹಿಡಿಯಾವರು ಬಲಿ ಬೀಸಾಕ ಕುಂತಿರ್ತಾರ. ಕೊಲ್ಲೂದನ್ನ ಬ್ಯಾರೇದವರ ಕೈಲೆ ಮಾಡಿಸಿದ್ರ ಪಾಪ ಅವರಿಗೆ ಹೋಗ್ತೈತೇನು?"

"ಮತ್ತ ನೀರ ಎತ್ತಾವರು ಯಾರತ್ತೀ?" ಇಂದ್ರಾಬಾಯಿ ದನಿ ಏರಿಸಿದಳು. "ನನ್ನ ರಟ್ಟಿ ನೋಡ್ರಿ. ರಾತ್ರಿ ಕೈ ಮ್ಯಾಲ ಏಳೂದಿಲ್ಲ."

"ಮಾಡವ್ವಾ, ನೀನ ಕೊಲ್ಲು. ನನಗೂ ಅದರಾಗ ಒಂದ ತುತ್ತು ಹಾಕು."

"ಸಾಕ ಮಾಡ್ರಿ ಇಬ್ರೂ," ಎಂದ ಸಂಗಯ್ಯ. "ಇನ್ನೊಂದ ಟಾಕಿ ಕಟ್ತೇನಿ."

ಅವನ ದನಿಯಲ್ಲಿ ಸಿಟ್ಟಿತ್ತು. ಎಷ್ಟೋ ತಿಂಗಳಿಗೆ ಕೇಳಿದ ಸಿಟ್ಟು ಅದು. ಸಿಟ್ಟು ಬರುವವನು ಬದುಕುತ್ತಾನೆ ಎಂದು ಲೆಕ್ಕ ಹಾಕಿ ಇಂದ್ರಾಬಾಯಿ ತನ್ನ ರಟ್ಟೆಯ ಮಾತು ನುಂಗಿಕೊಂಡಳು.

ಎರಡನೆಯ ತೊಟ್ಟಿ ಎದ್ದಿತು. ಸಿಮೆಂಟು ಇನ್ನೂ ಹಸಿ, ಮೀನು ಬಿಡುವ ಹಾಗಿಲ್ಲ, ಒಂದು ತಿಂಗಳು ಕಾಯಬೇಕು ಎಂದ ಅಬ್ದುಲಸಾಬ. ಆ ನಡುವೆ ಕಾರ್ಖಾನೆಯ ಸಾವಕಾರ ಆಳು ಕಳಿಸಿ, ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿಸಿದ. ಸಂಗಯ್ಯ ಕೈಯ ಸಿಮೆಂಟು ತೊಳೆದುಕೊಳ್ಳುತ್ತ, "ಬರೂ ಸೋಮವಾರದಿಂದ ಬರ್ತೇನಂತ ಹೇಳಪ್ಪಾ," ಎಂದ. ಈ ಸಲದ ಮಾತು ಬೇರೆ ಥರ ಇತ್ತು. ಬಾಗಿಲ ಮರೆಯಲ್ಲಿ ನಿಂತ ಇಂದ್ರಾಬಾಯಿ ಚೌಕಟ್ಟು ಹಿಡಿದುಕೊಂಡಳು. ಇನ್ನು ನಾಲ್ಕು ದಿನ ಈ ತೊಟ್ಟಿ ನೆಟ್ಟಗಿದ್ದರೆ ಸಾಕು, ಗಂಡ ದಾರಿಗೆ ಬಿದ್ದ ಹಾಗೆ ಎಂದುಕೊಂಡಳು.

ಗುರುವಾರ ಶಿರೂರಿನಿಂದ ಸುದ್ದಿ ಬಂತು. ಗುರುಲಿಂಗವ್ವನ ಅಣ್ಣ ತೀರಿಕೊಂಡಿದ್ದ. ಎಲ್ಲರೂ ಹೊರಡಬೇಕು, ವಯಸ್ಸಿಗೆ ಬಂದ ಹುಡುಗಿಯನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ಇಂದ್ರಾಬಾಯಿ ಓಡಿ ಮಗ್ಗುಲ ಮನೆಯ ರಾಮವ್ವನಿಗೆ ಹೇಳಿ ಬಂದಳು. ರಾಮವ್ವ ಹಾಲುಮತದವಳು, ಕುರಿ ಸಾಕಿದ ಮನೆ, ನೀರು ಹೊರುವುದು ಅವಳಿಗೆ ದೊಡ್ಡದಲ್ಲ.

"ಮುಂಜಾನೆ, ಮಧ್ಯಾನ್ನ, ಸಂಜಿಗೆ ಎತ್ತಿ ಹೊಯ್ಯವ್ವಾ. ತಪ್ಪಿಸಬ್ಯಾಡ."

"ಹೋಗಿ ಬರ್ರಿ ಅಕ್ಕಾರ. ನಾ ಅದೇನಿ, ನೋಡ್ಕೋತೇನಿ."

ಬಸ್ಸಿನ ಹೊತ್ತಾಗಿತ್ತು. ಇಂದ್ರಾಬಾಯಿ ಚೀಲ ಹಿಡಿದು ಹಿತ್ತಲಿಗೆ ಬಂದಾಗ ಮುದುಕಿ ಒಂದು ಬುಟ್ಟಿ ಒಣಗಿದ ಕಟಕ ರೊಟ್ಟಿಯನ್ನು ಪುಡಿ ಮಾಡಿ ತೊಟ್ಟಿಗೆ ಸುರುವುತ್ತಿದ್ದಳು. "ಎರಡ ದಿನಾ ಉಪಾಸ ಇರಬಾರದು, ಪಾಪ." ಸುರುವಿ ಮುಗಿಸಿ, ಎಲ್ಲರೂ ಹೊರಗೆ ಬಂದ ಮೇಲೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತೀ, ರಾಮವ್ವ ನೀರ ಹೊಯ್ಯಾಕ ಬರ್ತಾಳ."

"ಬರ್ತಾಳ. ಬರೂ ಮುಂದ ಬರಿಗೈಲೆ ಬರ್ತಾಳ, ಹೋಗೂ ಮುಂದ? ಅವರ ಮನ್ಯಾಗ ತಿಂತಾರ. ಒಂದ ಹೋದ್ರೂ ನನ್ನ ಮಾತ ಹೋತು."

"ನೀರ ತಿರುವದಿದ್ರ ಸಾಯ್ತಾವ್ರಿ."

"ಹೊಟ್ಟಿ ತುಂಬ ಹಾಕೇನಿ. ಉಂಡ ಜೀವ ಎರಡ ದಿನಕ್ಕ ಸಾಯೂದಿಲ್ಲ. ನಡಿ, ಮಣ್ಣ ಮಾಡೂದ್ರಾಗ ಅಣ್ಣನ ಮುಖಾ ನೋಡಾಕ ಸಿಗಬೇಕು."

ಅಣ್ಣ ಸತ್ತ ಹೆಂಗಸಿನ ಕೈಯಿಂದ ಕೀಲಿ ಕಸಿಯುವುದು ಹೇಗೆ? ಇಂದ್ರಾಬಾಯಿ ಗಂಡನ ಮುಖ ನೋಡಿದಳು. ಅವನು ಅಂಗೈಗೆ ಅಂಟಿದ ಸಿಮೆಂಟು ಉಜ್ಜುತ್ತಿದ್ದ, ಕೇಳಿದನೋ ಇಲ್ಲವೋ. ಅವಳು ಚೀಲ ಹೆಗಲಿಗೇರಿಸಿ ಅತ್ತೆಯ ಹಿಂದೆ ನಡೆದಳು. ಬಸ್ಸು ಅಮೀನಗಡದಲ್ಲಿ ನಿಂತಾಗ ಜನ ಇಳಿದು ಕರದಂಟು ಕೊಂಡರು. ಈ ಮನೆಯ ನಾಲ್ವರೂ ತಮ್ಮ ತಮ್ಮ ಕಾಲು ನೋಡುತ್ತ ಕೂತರು.

ಶನಿವಾರ ಸಂಜೆ ತಿರುಗಿ ಬಂದಾಗ ಓಣಿಯ ತಿರುವಿನಲ್ಲೇ ವಾಸನೆ ಮೂಗಿಗೆ ಹೊಡೆಯಿತು. ರಾಮವ್ವ ಇವರ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು.

"ಬೀಗಾ ಹಾಕಿತ್ತಲ್ರಿ ಅಕ್ಕಾರ. ನಾ ದಿನಾ ಬಂದ ಬಂದ ಹೋದೆ. ಗ್ವಾಡಿ ಜಿಗಿಯಾಕ ನೋಡಿದ್ರ ಗಾಜಿನ ಚೂರ ಹಚ್ಚೀರಿ."

ಮುದುಕಿ ಸೊಂಟದ ಕೀಲಿಯಿಂದ ಹಿತ್ತಲ ಬೀಗ ತೆಗೆದಳು. ತೊಟ್ಟಿಯ ಮೇಲೆ ನೀರು ಕಾಣುತ್ತಿರಲಿಲ್ಲ. ಬಿಳಿ ಹೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ತೇಲುತ್ತಿದ್ದವು, ನಡುನಡುವೆ ಹುಳಿತ ರೊಟ್ಟಿಯ ನೊರೆ. ಪೀಪಾಯಿಗಳಲ್ಲಿ ಬದನೆ, ಮೆಂತೆ ಎಲ್ಲ ಬಾಡಿ ಕಲ್ಲಿಗೆ ಅಂಟಿದ್ದವು. ಒಲೆಗೆ ಏರಬಾರದು ಎಂದಿದ್ದಳು ಮುದುಕಿ, ಒಂದೂ ಏರಿರಲಿಲ್ಲ.

"ಹೊಟ್ಟಿ ತುಂಬ ಹಾಕೇ ಹೋಗಿನ್ನಲ್ಲೋ ಸಂಗಯ್ಯಾ," ಎಂದಳು ಗುರುಲಿಂಗವ್ವ. "ಹೊಟ್ಟಿ ತುಂಬ ಹಾಕಿನ್ನಿ." ಮತ್ತೆ ಮತ್ತೆ ಅದನ್ನೇ ಅಂದಳು.

ಇಂದ್ರಾಬಾಯಿ ಮೀನು ನೋಡಲಿಲ್ಲ. ಗಂಡನನ್ನು ನೋಡುತ್ತಿದ್ದಳು. ಈಗ ಕೂಡುತ್ತಾನೆ, ಇನ್ನು ಏಳುವುದಿಲ್ಲ ಎಂದುಕೊಂಡಳು. ಸಂಗಯ್ಯ ಬಹಳ ಹೊತ್ತು ನಿಂತ. ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕಿ, ಸಲಿಕೆ ತಂದು ಹಿತ್ತಲ ಮೂಲೆಯಲ್ಲಿ ತಗ್ಗು ತೋಡತೊಡಗಿದ. ಬನಶಂಕರಿ ಮೂಗಿಗೆ ಓಡಣಿ ಕಟ್ಟಿಕೊಂಡು ಬುಟ್ಟಿ ಹಿಡಿದಳು. ತಂದೆ ಮಗಳು ಬುಟ್ಟಿ ಬುಟ್ಟಿಯಾಗಿ ಹೊತ್ತು ತಗ್ಗಿಗೆ ಸುರುವಿದರು. ಅವನು ಕೂಡಲಿಲ್ಲ. ಅವನಿಗೇನೂ ಆಗಲಿಲ್ಲ.

ಅದನ್ನು ಕಂಡ ಮೇಲೆ ಇಂದ್ರಾಬಾಯಿ ಊರಿನಿಂದ ತಂದ ಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ ತೊಟ್ಟಿಯ ಅಂಚಿಗೆ ಕೂತಳು.

ದೀಪ ಹಚ್ಚುವ ಹೊತ್ತಾಯಿತು. ತಗ್ಗು ಮುಚ್ಚಿದ್ದೂ ಆಯಿತು. ಅವಳು ಏಳಲಿಲ್ಲ.

"ಇಂದ್ರಾ, ದೀಪಾ ಹಚ್ಚವ್ವಾ," ಎಂದಳು ಮುದುಕಿ.

"ಅವ್ವಾ, ಹಸಿವ್ಯಾಗೇತಿ," ಎಂದಳು ಬನಶಂಕರಿ.

ಸಂಗಯ್ಯ ಕೈಕಾಲು ತೊಳೆದು ಬಂದು ಅವಳ ಮುಂದೆ ನಿಂತ. "ಏಳು. ಮೀನಾ ಹೋದ್ರ ಹೋಗ್ಲಿ. ನಾ ಸೋಮವಾರ ಕಾರ್ಖಾನಿಗೆ ಹೋಗ್ತೇನಿ. ಖರೇನ ಹೋಗ್ತೇನಿ."

"ಹೋಗ್ರಿ," ಎಂದಳು ಇಂದ್ರಾಬಾಯಿ.

"ಮತ್ತ ಏಳು."

"ನಾ ಏಳೂದಿಲ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಂದಾನಿ ಹೋದಾಗ ನೀವ ಕುಂತ್ರಿ. ಅತ್ತಿ ಕುಂತ್ರು. ಎಲ್ಲಾರೂ ಕುಂತ್ರ ಮನಿ ಹೆಂಗ ನಡೀಬೇಕಂತ ನಾ ಕುಂದರಲಿಲ್ಲ. ಹಡದಾಕಿ ನಾನು. ನಾ ಇನ್ನೂ ಕುಂತ ಇಲ್ಲ."

ಹುಡುಗನ ಹೆಸರು ಆ ಮನೆಯಲ್ಲಿ ಶ್ರಾವಣದ ಮೇಲೆ ಅವತ್ತೇ ಕೇಳಿದ್ದು. ಬನಶಂಕರಿ ಬಾಯಿಗೆ ಕೈ ಹಿಡಿದಳು. ಸಂಗಯ್ಯ ಒಳಗೆ ಹೋದ.

ಅಡಿಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ತೆಗೆಯುವ, ಮುಚ್ಚುವ ಸದ್ದಾಯಿತು. "ಅಕ್ಕಿ ಎಲ್ಲಿಟ್ಟೀ?" ಎಂದು ಒಳಗಿನಿಂದ ಕೇಳಿದ. ಹೇಳಲು ಹೊರಟ ಬನಶಂಕರಿಯ ರಟ್ಟೆಯನ್ನು ಗುರುಲಿಂಗವ್ವ ಹಿಡಿದಳು. "ಹುಡಕಲಿ ಬಿಡು." ಒಲೆ ಹೊತ್ತಲು ಬಹಳ ಹೊತ್ತು ಹಿಡಿಯಿತು. ಹೊಗೆ ಹಿತ್ತಲ ತುಂಬ ಬಂತು.

ಕೊನೆಗೆ ಅವನು ತಾಟು ತಂದು ಹೆಂಡತಿಯ ಕೈಗೆ ಕೊಟ್ಟ. ಅನ್ನ ಅರ್ಧ ಬೆಂದಿತ್ತು, ಅರ್ಧ ಹೊತ್ತಿತ್ತು, ಮೇಲೆ ಮಜ್ಜಿಗೆ ಸುರಿದಿದ್ದ. ಉಪ್ಪು ಎರಡು ಸಲ ಬಿದ್ದಿತ್ತು. ಇಂದ್ರಾಬಾಯಿ ಚೀಲ ಕೆಳಗಿಟ್ಟು, ಕತ್ತಲಲ್ಲಿ ಕೂತ ಜಾಗದಲ್ಲೇ ಕಲಸಿ ಉಂಡಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಡೆಯ ಅಗುಳನ್ನೂ ಬಳಿದು ತಿಂದಳು. ಮೂವರೂ ಅವಳನ್ನೇ ನೋಡುತ್ತ ನಿಂತಿದ್ದರು.

ಅವಳು ಬರಿದಾದ ತಾಟನ್ನು ಗಂಡನ ಕಡೆ ಚಾಚಿದಳು.

"ಇನ್ನಷ್ಟು ನೀಡ್ರಿ," ಎಂದಳು.